ಅಂಗನವಾಡಿ ಟೀಚರ್‌ಗೆ ಸಮವಸ್ತ್ರ ಬೇಕೆ? ಒಂದು ಸೀರೆಯ ಪ್ರಕರಣ

ಪುಟ್ಟ ಮಕ್ಕಳಿಗೆ ಕಲಿಸುವವರು ಸಮವಸ್ತ್ರ ಹಾಕಬೇಕೇ ಬೇಡವೇ ಎಂಬ ಚರ್ಚೆ ನಮ್ಮಲ್ಲಿ ಸಾಮಾನ್ಯವಾಗಿ ನಗರದ ಪ್ಲೇಸ್ಕೂಲುಗಳ ಸುತ್ತಲೇ ಸುತ್ತುತ್ತದೆ. ಲೋಗೊ ಇರುವ ಟೀಶರ್ಟು, ಸೋಮವಾರಕ್ಕೊಂದು ಬಣ್ಣ, ಶುಕ್ರವಾರಕ್ಕೊಂದು ಬಣ್ಣ, ಅದರ ದುಡ್ಡು ಕೆಲವು ಕಡೆ ಟೀಚರ್ ಸಂಬಳದಲ್ಲೇ ಕಡಿತ. ಆದರೆ ಈ ಪ್ರಶ್ನೆ ನಿಜವಾಗಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಳಗಾಗಿರುವುದು ಅಂಗನವಾಡಿಯಲ್ಲಿ. ರಾಜ್ಯದಲ್ಲಿ ಅರುವತ್ತೈದು ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಬಹುಪಾಲು ಕಡೆ ಒಬ್ಬರು ಕಾರ್ಯಕರ್ತೆ, ಒಬ್ಬರು ಸಹಾಯಕಿ, ಇಬ್ಬರಿಗೂ ಇಲಾಖೆಯ ಸೀರೆ. ಇಷ್ಟೊಂದು ಹೆಂಗಸರು ವರ್ಷಗಟ್ಟಲೆ ಉಟ್ಟು, ಒಗೆದು, ಬೈದು, ಮತ್ತೆ ಉಟ್ಟ ಬಟ್ಟೆಯನ್ನು ಬಿಟ್ಟು ಬೇರೆ ಉದಾಹರಣೆ ಹುಡುಕುವ ಅಗತ್ಯ ನನಗೆ ಕಾಣಲಿಲ್ಲ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸೀರೆ ಅಂಗನವಾಡಿಯ ಅರ್ಧ ಕೆಲಸಕ್ಕೆ ಸರಿಯಾಗಿದೆ, ಇನ್ನರ್ಧಕ್ಕೆ ಅಡ್ಡಿಯಾಗಿದೆ. ಬೀದಿಯಲ್ಲಿ ಅದು ಕೆಲಸಕ್ಕೆ ಬರುತ್ತದೆ, ಚಾಪೆಯ ಮೇಲೆ ಬರುವುದಿಲ್ಲ. ಬೀದಿಯಲ್ಲಿ ನೋಡುವವರಿಗೆಂದು ಆರಿಸಿದ ಬಟ್ಟೆಯನ್ನೇ ಮಕ್ಕಳ ನಡುವೆಯೂ ಉಡಿಸಿದ್ದರಿಂದ ಈ ಸಮಸ್ಯೆ ಹುಟ್ಟಿದೆ.

ಹಿನ್ನೆಲೆ

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ ಪ್ರಾಯೋಗಿಕವಾಗಿ. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಆಗ ಕಾರ್ಯಕರ್ತೆಗೆ ತಿಂಗಳಿಗೆ 100 ರೂಪಾಯಿ, ಮೆಟ್ರಿಕ್ ಪಾಸಾಗಿದ್ದರೆ 150. ಸಮವಸ್ತ್ರದ ಮಾತೇ ಇರಲಿಲ್ಲ. ಆಕೆ ಅದೇ ಊರಿನವಳು, ಊರಿಗೆಲ್ಲ ಗೊತ್ತಿರುವವಳು. ನೆರೆಮನೆಯ ಅಕ್ಕ ಮಕ್ಕಳನ್ನು ಕೂರಿಸಿಕೊಂಡು ಹಾಡು ಹೇಳಿಕೊಡುತ್ತಾಳೆ ಎಂಬ ಕಲ್ಪನೆಯ ಮೇಲೆ ನಿಂತ ಯೋಜನೆಗೆ ಆಕೆ ಯಾರೆಂದು ತೋರಿಸುವ ಬಟ್ಟೆ ಯಾಕೆ ಬೇಕು?

ಕೇಂದ್ರ ಸರ್ಕಾರದ ವೆಚ್ಚ ಮಾನದಂಡದಲ್ಲಿ ಸಮವಸ್ತ್ರಕ್ಕೆ ಒಂದು ಸಾಲು ಸಿಕ್ಕಿದ್ದು ಮೂರು ದಶಕ ದಾಟಿದ ಮೇಲೆ. ವರ್ಷಕ್ಕೆ ಎರಡು ಜೊತೆ, ತಲಾ 200 ರೂಪಾಯಿ, ಜೊತೆಗೆ ಹೆಸರಿನ ಬ್ಯಾಡ್ಜ್‌ಗೆ 25 ರೂಪಾಯಿ. ಆಮೇಲೆ ದರ ಏರಿತು, ಆದರೆ ಇವತ್ತಿಗೂ ಮೂರಂಕಿ ದಾಟಿಲ್ಲ. ಆ ಸಾಲಿನಲ್ಲಿ ಬರೆದಿರುವುದು ‘ಸೀರೆ ಅಥವಾ ಸೂಟ್’ ಎಂದು. ಅಂದರೆ ಸಲ್ವಾರ್ ಕಮೀಜ್‌ಗೂ ಅವಕಾಶವಿದೆ. ನಮ್ಮಲ್ಲಿ ಬಂದದ್ದು ಮಾತ್ರ ಸೀರೆ.

ಯಾಕೆ ಸೀರೆ ಎಂದು ಊಹಿಸುವುದು ಕಷ್ಟವಲ್ಲ. ಸಂಸ್ಕೃತಿಯ ಮಾತು ಇದ್ದೇ ಇದೆ, ಅದಕ್ಕಿಂತ ದೊಡ್ಡದು ಉಗ್ರಾಣದ ಲೆಕ್ಕ. ಸೀರೆಗೆ ಅಳತೆ ಇಲ್ಲ. ಇಪ್ಪತ್ತೆರಡರ ಹುಡುಗಿಗೂ ಐವತ್ತೆಂಟರ ಹೆಂಗಸಿಗೂ, ತೆಳ್ಳಗಿರುವವಳಿಗೂ ದಪ್ಪಗಿರುವವಳಿಗೂ, ತುಂಬು ಗರ್ಭಿಣಿಗೂ ಅದೇ ಐದೂವರೆ ಮೀಟರ್ ಸಾಕು. ಒಂದು ಟೆಂಡರ್, ಒಂದು ಬಣ್ಣ, ಒಂದು ಲಾರಿ. ಸೆರಗನ್ನು ತಲೆಯ ಮೇಲೆ ಹೊದ್ದುಕೊಳ್ಳುವವರೂ ಹಾಗೇ ಉಡಬಹುದು. 2022ರ ಹಿಜಾಬ್ ಗಲಾಟೆ ವಿದ್ಯಾರ್ಥಿನಿಯರ ಸಮವಸ್ತ್ರದ ಸುತ್ತ ಎದ್ದದ್ದು, ಅಂಗನವಾಡಿಯದ್ದಲ್ಲ ನಿಜ. ಆದರೂ ಆಮೇಲೆ ಕರ್ನಾಟಕದಲ್ಲಿ ಯಾರ ಮೈಮೇಲೆ ಏನಿರಬೇಕು ಎಂಬ ಮಾತನ್ನು ಯಾರೂ ಸಲೀಸಾಗಿ ಎತ್ತುವುದಿಲ್ಲ. ಆ ಮಟ್ಟಿಗೆ ಸೀರೆ ಸದ್ದಿಲ್ಲದೆ ಎಲ್ಲರನ್ನೂ ಒಳಗೆ ಬಿಟ್ಟುಕೊಂಡಿದೆ, ಒಪ್ಪಬೇಕು.

ಹೊಲಿಸುವ ಅಳತೆ ಮಾತ್ರ ಕಾರ್ಯಕರ್ತೆಯ ತಲೆಗೆ ಬಂತು. ಬ್ಲೌಸ್, ಪೆಟಿಕೋಟ್, ಫಾಲ್ ಎಲ್ಲ ಅವಳ ಖರ್ಚು. ಇಲಾಖೆಯ ಸೀರೆಯ ಬೆಲೆಗಿಂತ ಬ್ಲೌಸ್ ಹೊಲಿಗೆ ಕೂಲಿ ಜಾಸ್ತಿಯಾಯಿತು ಎಂಬ ತಮಾಷೆಯನ್ನು ನಾನು ಒಂದಕ್ಕಿಂತ ಹೆಚ್ಚು ತಾಲ್ಲೂಕುಗಳಲ್ಲಿ ಕೇಳಿದ್ದೇನೆ.

ಚಾಪೆಯ ಮೇಲೆ

ಬೆಳಗ್ಗೆ ಹತ್ತರ ಹೊತ್ತು. ಮೂರರಿಂದ ಆರು ವರ್ಷದ ಮಕ್ಕಳು ಗೋಡೆಗೊರಗಿ ಕೂತಿರುತ್ತಾರೆ. ‘ಚಿಲಿಪಿಲಿ’ ಪಠ್ಯಕ್ರಮದ ಪ್ರಕಾರ ಅವತ್ತಿನ ವಿಷಯ ಪ್ರಾಣಿಗಳು ಅಂದುಕೊಳ್ಳಿ. ಟೀಚರ್ ಕಪ್ಪೆಯ ಹಾಗೆ ಕುಪ್ಪಳಿಸಬೇಕು, ಆನೆಯ ಸೊಂಡಿಲಿಗೆ ಕೈ ಬೀಸಬೇಕು. ಕೂತು ಎದ್ದು ಮಾಡುವಾಗ ನೆರಿಗೆ ಕಾಲಿಗೆ ಸಿಗುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾಳೆ. ಅಷ್ಟರಲ್ಲಿ ಮೂಲೆಯ ಮಗು ಒದ್ದೆ ಮಾಡಿಕೊಂಡಿರುತ್ತದೆ. ಎತ್ತಿಕೊಂಡು ಹೋಗಿ ತೊಳೆಸಿ ಬಂದರೆ ಅರ್ಧ ಸೀರೆ ನೆನೆದಿರುತ್ತದೆ, ಬದಲಾಯಿಸಲು ಕೇಂದ್ರದಲ್ಲಿ ಇನ್ನೊಂದು ಇಲ್ಲ. ವರ್ಷಕ್ಕೆ ಎರಡೇ. ಒಂದು ಮೈಮೇಲೆ, ಇನ್ನೊಂದು ಮನೆಯ ತಂತಿಯ ಮೇಲೆ. ಮಳೆಗಾಲದ ಮಲೆನಾಡಿನಲ್ಲಿ ತಂತಿಯ ಮೇಲಿನದು ಒಣಗುವುದೂ ಇಲ್ಲ.

ಇನ್ನೊಂದು ಸಂಗತಿ ಹತ್ತಿರದಿಂದ ನೋಡಿದರೆ ಮಾತ್ರ ಕಾಣುತ್ತದೆ. ಅಳುವ ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡಾಗ ಅದರ ಕೆನ್ನೆ ಬರುವುದು ಎಡ ಭುಜದ ಕೆಳಗೆ. ಸೆರಗು ಜಾರದಂತೆ ಪಿನ್ನು ಹಾಕುವುದೂ ಅಲ್ಲೇ, ಹೆಸರಿನ ಬ್ಯಾಡ್ಜ್ ಚುಚ್ಚಿಕೊಳ್ಳುವುದೂ ಅಲ್ಲೇ ಹತ್ತಿರ. ಅನುಭವಸ್ಥ ಟೀಚರುಗಳು ಎತ್ತಿಕೊಳ್ಳುವ ಮೊದಲು ಒಂದು ಕೈಯಿಂದ ಬ್ಯಾಡ್ಜನ್ನು ಅಡಿಮೇಲು ಮಾಡುತ್ತಾರೆ, ಇಲ್ಲವೇ ಬಲ ಭುಜಕ್ಕೆ ಹಾಕಿಕೊಳ್ಳುತ್ತಾರೆ. ಬಹುಪಾಲು ಜನ ಬ್ಯಾಡ್ಜನ್ನು ಕಪಾಟಿನಲ್ಲಿಟ್ಟು, ಮೇಲ್ವಿಚಾರಕಿಯ ಗಾಡಿ ಸದ್ದು ಕೇಳಿದಾಗ ಮಾತ್ರ ಸಿಕ್ಕಿಸಿಕೊಳ್ಳುತ್ತಾರೆ. ಅವರನ್ನು ಬೇಜವಾಬ್ದಾರಿ ಎನ್ನುವವರು ಒಂದು ದಿನ ಆ ಬ್ಯಾಡ್ಜ್ ಹಾಕಿಕೊಂಡು ಎರಡು ವರ್ಷದ ಮಗುವನ್ನು ಮಲಗಿಸಿ ನೋಡಲಿ.

ಜೇಬಿನ ವಿಚಾರವೂ ಇದೆ. ಕೇಂದ್ರದ ಎಲ್ಲ ಲೆಕ್ಕ ಈಗ ಮೊಬೈಲಿನಲ್ಲಿ. ಹಾಜರಿ, ತೂಕ, ಎತ್ತರ, ಆಹಾರ ಎಲ್ಲವೂ ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆಪ್‌ಗೆ ಹೋಗಬೇಕು. ಮಗುವನ್ನು ತಕ್ಕಡಿಗೆ ಹತ್ತಿಸಿ, ಅಂಕಿ ನೋಡಿ, ಆಪ್‌ಗೆ ಹಾಕುವ ಹೊತ್ತಿಗೆ ಫೋನ್ ಎಲ್ಲಿದೆ? ಸೊಂಟಕ್ಕೆ ಸಿಕ್ಕಿಸಿದರೆ ಬಗ್ಗಿದಾಗ ಬೀಳುತ್ತದೆ, ಕಿಟಕಿಯ ಮೇಲಿಟ್ಟರೆ ಮಕ್ಕಳ ಕೈಗೆ ಸಿಗುತ್ತದೆ. ಉಗ್ರಾಣದ ಬೀಗದ ಕೈ, ಸೀಮೆಸುಣ್ಣ, ಮೂಗು ಒರೆಸುವ ಬಟ್ಟೆ ಇವಕ್ಕೂ ಜಾಗ ಬೇಕು. ಒಂದು ಜೇಬು ಇಲ್ಲದ ಬಟ್ಟೆಯನ್ನು ಕೆಲಸದ ಬಟ್ಟೆ ಎಂದು ಹೇಗೆ ಕರೆಯುವುದು? ಪೊಲೀಸ್, ಕಂಡಕ್ಟರ್, ಪೋಸ್ಟ್‌ಮ್ಯಾನ್ ಎಲ್ಲರ ಸಮವಸ್ತ್ರವೂ ಜೇಬಿನ ಸುತ್ತಲೇ ಹೊಲಿದಿರುವಂಥದ್ದು. ಗಂಡಸರ ಕೆಲಸವನ್ನು ಕಣ್ಣಮುಂದಿಟ್ಟು ಹೊಲಿದ ಬಟ್ಟೆಗೂ ಹೆಂಗಸರನ್ನು ಕಣ್ಣಮುಂದಿಟ್ಟು ಖರೀದಿಸಿದ ಬಟ್ಟೆಗೂ ಇರುವ ವ್ಯತ್ಯಾಸ ಇದು.

ಬೀದಿಯಲ್ಲಿ

ಇದೇ ಟೀಚರ್ ಮಧ್ಯಾಹ್ನ ಹೊರಗೆ ಬಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಬಾಣಂತಿಯ ಮನೆ, ತೂಕ ಕಡಿಮೆಯಿರುವ ಮಗುವಿನ ಮನೆ, ಲಸಿಕೆ ದಿನದ ನೆನಪು. ಅದರ ಮೇಲೆ ಅನೇಕರಿಗೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸ, ಮತದಾರರ ಪಟ್ಟಿ ಹಿಡಿದು ಬಾಗಿಲು ಬಾಗಿಲಿಗೆ ಹೋಗಬೇಕು. ಹಳ್ಳಿಯಲ್ಲಿ ಪರವಾಗಿಲ್ಲ, ಹೆಸರು ಹಿಡಿದೇ ಕರೆಯುತ್ತಾರೆ. ನಗರದ ವಾರ್ಡುಗಳಲ್ಲಿ, ಗೇಟಿಗೊಬ್ಬ ಸೆಕ್ಯುರಿಟಿ ಕೂತಿರುವ ಕಡೆ, ‘ಯಾರಮ್ಮ ನೀನು, ಏನು ಬೇಕು’ ಎಂಬ ಪ್ರಶ್ನೆಗೆ ಸೀರೆಯೇ ಉತ್ತರ. ಕೋವಿಡ್ ಕಾಲದಲ್ಲಿ ಜ್ವರದ ಸಮೀಕ್ಷೆಗೆ ಹೋದವರಿಗೆ ಇದು ಚೆನ್ನಾಗಿ ಗೊತ್ತು. ಸಮವಸ್ತ್ರವಿಲ್ಲದೆ ಆಧಾರ್ ನಂಬರ್ ಕೇಳಿದರೆ ಯಾರು ತಾನೆ ಕೊಡುತ್ತಾರೆ?

ಸಮವಸ್ತ್ರ ಬೇಕು ಎನ್ನುವ ಕಾರ್ಯಕರ್ತೆಯರೂ ಬೇಕಾದಷ್ಟಿದ್ದಾರೆ, ಅವರ ಕಾರಣಗಳು ಗಟ್ಟಿಯಾಗಿವೆ. ಬೆಳಗ್ಗೆ ಯಾವುದು ಉಡಲಿ ಎಂಬ ಯೋಚನೆ ಇಲ್ಲ. ಸ್ವಂತ ಒಳ್ಳೆ ಸೀರೆಗೆ ಮಕ್ಕಳ ಮೂಗು ಒರೆಸಬೇಕಿಲ್ಲ. ದಿನಕ್ಕೊಂದು ಸೀರೆ ಉಟ್ಟರೆ ‘ಮಕ್ಕಳ ಬೇಳೆ ಮಾರಿಕೊಂಡಳು’ ಎನ್ನುವ ಬಾಯಿಗಳಿಗೆ ಬೀಗ. ಗ್ರಾಮ ಪಂಚಾಯಿತಿ ಸಭೆಯಲ್ಲಿ, ತಾಲ್ಲೂಕು ಆಫೀಸಿನಲ್ಲಿ, ‘ಈಕೆ ಕೆಲಸದ ಮೇಲೆ ಬಂದಿದ್ದಾಳೆ’ ಎಂಬುದು ಬಾಯಿ ಬಿಡುವ ಮೊದಲೇ ಗೊತ್ತಾಗುತ್ತದೆ. ಕೆಳಜಾತಿಯ ಓಣಿಯಿಂದ ಬಂದ ಕಾರ್ಯಕರ್ತೆ ಮೇಲ್ಜಾತಿಯ ಬೀದಿಯ ಮನೆಯ ಹೊಸ್ತಿಲ ಮುಂದೆ ನಿಂತಾಗ ಆ ಬಟ್ಟೆಗೆ ಇರುವ ತೂಕ ಬೇರೆಯೇ. ಸಮವಸ್ತ್ರವೆಂದರೆ ವ್ಯಕ್ತಿತ್ವವನ್ನು ಅಳಿಸುವುದು ಎಂದು ವಾದಿಸುವ ನಗರದ ಮಂದಿ (ನನ್ನ ಗೆಳೆಯರಲ್ಲೇ ಇಂಥವರಿದ್ದಾರೆ) ಈ ಹೊಸ್ತಿಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ವಯಸ್ಸಿನ ಪ್ರಕಾರ ಅಭಿಪ್ರಾಯ ಒಡೆಯುತ್ತದೆ. ಹೊಸದಾಗಿ ಸೇರಿದ ಹುಡುಗಿಯರು, ಸ್ಕೂಟಿ ಓಡಿಸುವವರು, ಚೂಡಿದಾರ್ ಕೇಳುತ್ತಾರೆ. ನಿಯಮದಲ್ಲೇ ಇರುವ ‘ಅಥವಾ ಸೂಟ್’ ಅವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಕೋರ್ಟಿನಲ್ಲಿ

ಬಟ್ಟೆಯ ಮಾತಿನಲ್ಲಿ ಕೋರ್ಟು ಯಾಕೆ ಬಂತು ಅನ್ನಿಸಬಹುದು. ಸಮವಸ್ತ್ರ ತೊಡಿಸುವವನು ಆ ಬಟ್ಟೆಯ ಮೂಲಕ ‘ಇವಳು ನನ್ನವಳು’ ಎಂದು ಊರಿಗೆ ಸಾರುತ್ತಾನೆ. ಅಂಗನವಾಡಿ ವಿಷಯದಲ್ಲಿ ಸರ್ಕಾರ ಬೀದಿಯಲ್ಲಿ ಹಾಗೆ ಸಾರಿತು, ಕೋರ್ಟಿನಲ್ಲಿ ಅಲ್ಲಗಳೆಯಿತು.

ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪು ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ನಾಗರಿಕ ಹುದ್ದೆಯಲ್ಲ ಎಂದಿತು. ಹುದ್ದೆಯಿಲ್ಲದ ಮೇಲೆ ವೇತನಶ್ರೇಣಿ ಇಲ್ಲ, ಇರುವುದು ಗೌರವಧನ. ಹದಿನೈದು ವರ್ಷ ಕಳೆದ ಮೇಲೆ, 2022ರ ಏಪ್ರಿಲ್ 25ರಂದು, ಗುಜರಾತಿನ ದಾಹೋದ್‌ನಿಂದ ಹೋದ ಮಣಿಬೆನ್ ಪ್ರಕರಣದಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ (ನ್ಯಾಯಮೂರ್ತಿಗಳು ಅಜಯ್ ರಸ್ತೋಗಿ ಮತ್ತು ಅಭಯ್ ಓಕಾ) ಇವರಿಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕಂತೆ ಸಿಗುವ ಇಡಿಗಂಟು) ಕಾಯ್ದೆ ಅನ್ವಯಿಸುತ್ತದೆ ಎಂದಿತು. ಹೆಸರು ಗೌರವಧನವಾದರೂ ಆ ಕಾಯ್ದೆಯ ಮಟ್ಟಿಗೆ ಅದು ವೇತನವೇ. ಆ ಗ್ರಾಚ್ಯುಟಿಗಾಗಿ 2023ರ ಜನವರಿಯಲ್ಲಿ ರಾಜ್ಯದ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲು ರಾತ್ರಿ ಕೂತರು. ಗೌರವಧನದಲ್ಲಿ ಕೇಂದ್ರ ಸರ್ಕಾರದ ಪಾಲು 2018ರ ಅಕ್ಟೋಬರ್‌ನಲ್ಲಿ 3,000ದಿಂದ 4,500ಕ್ಕೆ ಏರಿತು. ರಾಜ್ಯ ತನ್ನ ಪಾಲು ಸೇರಿಸುತ್ತಾ ಬಂದಿದೆ, 2025ರ ಬಜೆಟ್ಟಿನಲ್ಲಿ ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ಹೆಚ್ಚಿಸಿತು.

ಹೀಗಿರುವಾಗ ಸೀರೆ ಕೊಡುವುದನ್ನು ಬರೀ ಸೌಲಭ್ಯ ಎಂದು ನೋಡಲು ನನಗೆ ಮನಸ್ಸು ಬರುವುದಿಲ್ಲ. ಖಾಕಿ ತೊಟ್ಟವನಿಗೂ ಬಿಳಿ ಕೋಟು ತೊಟ್ಟವಳಿಗೂ ಬಟ್ಟೆಯ ಹಿಂದೆ ವೇತನಶ್ರೇಣಿ, ಪಿಂಚಣಿ ಇರುತ್ತದೆ. ಇಲ್ಲಿ ಶಿಸ್ತಿನ ಭಾಗ ಪೂರ್ತಿ ಬಂದಿದೆ, ಸ್ಥಾನಮಾನದ ಭಾಗ ಕಂತಿನಲ್ಲಿ ಬರುತ್ತಿದೆ. ಸಮವಸ್ತ್ರ ಬೇಡ ಎನ್ನುವ ಕಾರ್ಯಕರ್ತೆಯನ್ನು ಕೂರಿಸಿ ಮಾತಾಡಿಸಿದರೆ ಅನೇಕ ಸಲ ಆಕೆಯ ಸಿಟ್ಟು ಬಟ್ಟೆಯ ಮೇಲಲ್ಲ, ಈ ಕಂತಿನ ಮೇಲೆ ಎಂದು ಗೊತ್ತಾಗುತ್ತದೆ.

ಕೊಟ್ಟ ಸೀರೆ ಕೊಟ್ಟವರ ಕಡೆಗೇ ತಿರುಗುವುದೂ ಉಂಟು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು (ಆರೋಗ್ಯ ಇಲಾಖೆಗೆ ಮನೆಮನೆ ಸುತ್ತುವವರು, ಅವರಿಗೂ ಸಮವಸ್ತ್ರದ ಸೀರೆ) ಅದೇ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಾಗ ಗುಲಾಬಿ ಸೀರೆಗಳೇ ಸಾಲುಗಟ್ಟಿ ಕಂಡವು, ಬ್ಯಾನರ್ ಓದದೆಯೂ ಯಾರೆಂದು ಊರಿಗೆಲ್ಲ ತಿಳಿಯಿತು. ಆ ಬಣ್ಣ ಆರಿಸಿದ ಅಧಿಕಾರಿಗಳು ಇದನ್ನು ಎಣಿಸಿರಲಿಕ್ಕಿಲ್ಲ.

ಅಪ್ಪ ಅಮ್ಮಂದಿರ ಕಣ್ಣು

2024ರ ಬೇಸಿಗೆಯ ಕೊನೆಗೆ ಇನ್ನೊಂದು ತಿರುವು ಬಂತು. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ತೀರ್ಮಾನದ ವಿರುದ್ಧ ಅಂಗನವಾಡಿಯವರು ಬೀದಿಗಿಳಿದರು. ಮೂರರಿಂದ ಆರರ ಮಕ್ಕಳು ಅಲ್ಲಿಗೆ ಹೋದರೆ ಕೇಂದ್ರದಲ್ಲಿ ಉಳಿಯುವವರು ಯಾರು ಎಂಬುದು ಅವರ ಭಯ, ಆಧಾರವಿಲ್ಲದ್ದೇನೂ ಅಲ್ಲ. ಜುಲೈನಲ್ಲಿ ಸಚಿವೆ ಲಕ್ಷ್ಮೀ ಹೆಬ್ಬಾಳಕರ್ ಬೆಂಗಳೂರಿನ 250 ಅಂಗನವಾಡಿಗಳನ್ನು ‘ಸರ್ಕಾರಿ ಮಾಂಟೆಸ್ಸರಿ’ ಎಂದು ಮೇಲ್ದರ್ಜೆಗೇರಿಸುವ ಕಾರ್ಯಕ್ರಮಕ್ಕೆ ಚಾಲನೆ ಕೊಟ್ಟರು. ಅದರಲ್ಲಿ ಮಕ್ಕಳಿಗೆ ಸಮವಸ್ತ್ರ, ಬ್ಯಾಗು.

ಪೋಷಕರ ದೃಷ್ಟಿಯಿಂದ ನೋಡಿದರೆ ಇದು ಜಾಣ ನಡೆ. ಯೂನಿಫಾರ್ಮ್ ಇದ್ದರೆ ಸ್ಕೂಲು, ಇಲ್ಲದಿದ್ದರೆ ಹಿಟ್ಟು ಮೊಟ್ಟೆ ಕೊಡುವ ಜಾಗ ಎಂಬ ಲೆಕ್ಕ ಜನರ ತಲೆಯಲ್ಲಿದೆ. ಟೀಚರ್ ಬಟ್ಟೆಗೂ ಅದೇ ಲೆಕ್ಕ. ಮಗುವಿನ ದೃಷ್ಟಿಯಿಂದ ನೋಡಿದರೆ ಮಾತು ಬೇರೆ. ಮೂರು ವರ್ಷದ ಮಗು ಟೀಚರ್ ಅನ್ನು ಗುರುತಿಸುವುದು ಮುಖದಿಂದ, ದನಿಯಿಂದ, ಎಣ್ಣೆ ಸೋಪಿನ ವಾಸನೆಯಿಂದ. ಬಣ್ಣದ ಸಮವಸ್ತ್ರದಿಂದ ಅದಕ್ಕೆ ಸಿಗುವುದು ಏನೂ ಇಲ್ಲ, ಕಳೆದುಕೊಳ್ಳುವುದೂ ಹೆಚ್ಚಿಲ್ಲ. ಸಮವಸ್ತ್ರ ನೋಡಿದರೆ ಮಕ್ಕಳು ಹೆದರುತ್ತಾರೆ ಎಂಬ ವಾದವನ್ನು ಅಂಗನವಾಡಿಗೆ ಅನ್ವಯಿಸುವುದು ನನಗೆ ಸರಿ ಕಾಣುವುದಿಲ್ಲ. ಅಮ್ಮನೂ ಅಜ್ಜಿಯೂ ಉಡುವ ಸೀರೆಗೆ ಯಾವ ಮಗು ಹೆದರುತ್ತದೆ? ಮಗುವಿಗೆ ಮುಖ್ಯವಾಗುವುದು ಟೀಚರ್ ಬಗ್ಗಲು, ಕೂರಲು, ಎತ್ತಿಕೊಳ್ಳಲು ಹಿಂಜರಿಯುತ್ತಾಳೋ ಇಲ್ಲವೋ ಎಂಬುದು. ಕಲೆಯಾದರೆ ಎಂಬ ಅಂಜಿಕೆ ಇರುವವಳು ಬಣ್ಣದ ನೀರು, ಜೇಡಿಮಣ್ಣು ಹೊರಗೆ ತೆಗೆಯುವುದೇ ಇಲ್ಲ.

ಹಾಗಾದರೆ ಏನು ಮಾಡಬೇಕು

ಹೊರಗೆ ಒಂದು, ಒಳಗೆ ಇನ್ನೊಂದು. ಬೀದಿಯ ಕೆಲಸಕ್ಕೆ ಸಮವಸ್ತ್ರ ಇರಲಿ, ಸೀರೆ ಅಥವಾ ಸಲ್ವಾರ್, ಆಯ್ಕೆ ಉಡುವವರದು. ಒಳಗೆ, ಮಕ್ಕಳ ಜೊತೆ ಇರುವಷ್ಟು ಹೊತ್ತು, ಏನು ಉಟ್ಟಿದ್ದರೂ ಅದರ ಮೇಲೆ ತೊಡುವಂಥ ಒಂದು ಹತ್ತಿಯ ಮೇಲಂಗಿ ಸಾಕು. ಮುಂದೆ ಎರಡು ದೊಡ್ಡ ಜೇಬು, ಫೋನಿಗೆ ಗುಂಡಿ ಹಾಕುವ ಇನ್ನೊಂದು. ಹೆಸರನ್ನು ಬ್ಯಾಡ್ಜ್ ಬದಲು ದಾರದಲ್ಲಿ ಕಸೂತಿ ಮಾಡಿದರಾಯಿತು, ಚುಚ್ಚುವ ಗೊಡವೆಯಿಲ್ಲ. ಇದು ನನ್ನ ತಲೆಯಲ್ಲಿ ಹುಟ್ಟಿದ ಹೊಸ ವಿಚಾರವೂ ಅಲ್ಲ. ಜಪಾನಿನ ಶಿಶುಕೇಂದ್ರಗಳಲ್ಲಿ ಶಿಕ್ಷಕಿಯರು ಏಪ್ರನ್ ತೊಡುವುದು ತೀರಾ ಸಾಮಾನ್ಯ. ಅರ್ಜೆಂಟೀನಾದ ಶಿಶುವಿಹಾರದ ಟೀಚರುಗಳು ಚೌಕುಳಿ ಬಟ್ಟೆಯ ಮೇಲಂಗಿ ಹಾಕಿಕೊಳ್ಳುತ್ತಾರೆ, ಮಕ್ಕಳೂ ಅಂಥದ್ದನ್ನೇ. ಎರಡೂ ಕಡೆ ಬಟ್ಟೆ ಕೊಳೆಯಾಗಲೆಂದೇ ಇದೆ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಏಪ್ರನ್ ಅಂದರೆ ಅಡುಗೆಯವಳ ಹಾಗೆ ಕಾಣುತ್ತದೆ, ಟೀಚರ್ ಎಂಬ ಗೌರವ ಹೋಗುತ್ತದೆ ಎನ್ನುವ ಕಾರ್ಯಕರ್ತೆಯರು ಸಿಗುತ್ತಾರೆ. ಅಡುಗೆ, ಒರೆಸುವುದು ಸಹಾಯಕಿಯ ಕೆಲಸ ಎಂಬ ಮೇಲು ಕೀಳು ಅಂಗನವಾಡಿಯ ಒಳಗೂ ಇದೆ. ಅದನ್ನು ದಾಟಲು ಆದೇಶ ಕಳಿಸಿದರೆ ಆಗದು. ಒಂದು ವೃತ್ತದ ಕಾರ್ಯಕರ್ತೆಯರನ್ನು ಸೇರಿಸಿ, ಊರಿನ ದರ್ಜಿಯ ಕೈಯಲ್ಲಿ ಮೂರು ನಾಲ್ಕು ಮಾದರಿ ಹೊಲಿಸಿ, ಒಂದು ಮಳೆಗಾಲ ತೊಟ್ಟು ನೋಡಿ ಹೇಳಿ ಅನ್ನಬೇಕು. ಬಣ್ಣವನ್ನೂ ಅವರೇ ಆರಿಸಲಿ. ಬೆಂಗಳೂರಿನ 250 ‘ಮಾಂಟೆಸ್ಸರಿ’ ಕೇಂದ್ರಗಳು ಇದಕ್ಕೆ ಹೇಳಿ ಮಾಡಿಸಿದ ಜಾಗ. ಸೀರೆಯ ದರದ ಜೊತೆ ಹೊಲಿಗೆಯ ದುಡ್ಡನ್ನೂ ಖಾತೆಗೆ ಹಾಕಬೇಕು, ಬ್ಲೌಸಿಲ್ಲದೆ ಸೀರೆ ಉಡಲಾಗದು ಎಂಬುದು ಹಣಕಾಸು ಇಲಾಖೆಗೂ ಗೊತ್ತಿರುವ ಸಂಗತಿ.

ಸಹಾಯಕಿಯ ವಿಷಯ ಮಾತ್ರ ಮಾದರಿ, ಪ್ರಯೋಗ ಎಂದು ಕಾಯುವಂಥದ್ದಲ್ಲ. ಆಕೆ ಬೆಳಗ್ಗೆ ಬಂದು ಗುಡಿಸಿ, ಮಕ್ಕಳನ್ನು ಮನೆಮನೆಯಿಂದ ಕರೆತಂದು, ಹಾಲು ಕಾಯಿಸಿ, ಅನ್ನ ಸಾಂಬಾರು ಮಾಡುತ್ತಾಳೆ, ಇಡೀ ಹೊತ್ತು ಗ್ಯಾಸ್ ಒಲೆಯ ಮುಂದೆ. ಮೂರಂಕಿಯ ದರಕ್ಕೆ ಸಿಗುವುದು ಹೆಚ್ಚಾಗಿ ಪಾಲಿಯೆಸ್ಟರ್ ಬೆರೆತ ಸೀರೆ. ಪಾಲಿಯೆಸ್ಟರ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ, ಸುಟ್ಟ ಗಾಯ ಆಳಕ್ಕೆ ಇಳಿಯುತ್ತದೆ. ಅಡುಗೆಮನೆಯಲ್ಲಿ ನಿಲ್ಲುವವಳಿಗೆ ಸಡಿಲವಾಗಿ ಇಳಿಬಿದ್ದ ಸಿಂಥೆಟಿಕ್ ಸೆರಗನ್ನು ಕಡ್ಡಾಯ ಮಾಡುವ ಹಕ್ಕು ಯಾರಿಗೂ ಇಲ್ಲ. ಮುಂದಿನ ಟೆಂಡರ್ ಕರೆಯುವ ಮುನ್ನ ಸಹಾಯಕಿಯ ಬಟ್ಟೆ ಪೂರ್ತಿ ಹತ್ತಿಯದಾಗಬೇಕು, ಅಡುಗೆಯ ಹೊತ್ತಿನಲ್ಲಿ ಸಮವಸ್ತ್ರದ ನಿಯಮದಿಂದ ಆಕೆಗೆ ಲಿಖಿತ ವಿನಾಯಿತಿ ಸಿಗಬೇಕು. ಅಲ್ಲಿಯವರೆಗೆ, ತಪಾಸಣೆಗೆ ಬಂದ ಮೇಲ್ವಿಚಾರಕಿ ಒಲೆಯ ಮುಂದೆ ಹಳೇ ನೈಟಿಯಲ್ಲೋ ಹತ್ತಿಯ ಸೀರೆಯಲ್ಲೋ ನಿಂತ ಸಹಾಯಕಿಯನ್ನು ಕಂಡರೆ ನೋಟಿಸ್ ಬರೆಯದಿರಲಿ.